ಬಿಸಿಲುಗಾಲದ ಛದ್ಮವೇಷಕ್ಕೆ ತುಮಕೂರಿನ ಬಾಡಿಗೆ ವೇಷ: ಏನನ್ನು ತರಬೇಕು, ಏನನ್ನು ಅಂಗಡಿಯಲ್ಲೇ ಬಿಡಬೇಕು

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಅನ್ನುವ ಮಾತು ತುಮಕೂರಿನ ಮಟ್ಟಿಗೆ ಪಕ್ಕಾ. ಅದಾಗಿ ಒಂದೆರಡು ವಾರಕ್ಕೆ ಬೆಳಗಿನ ತಂಪು ಒಂಬತ್ತು ಗಂಟೆಗೇ ಮುಗಿದಿರುತ್ತದೆ. ಹನ್ನೊಂದಕ್ಕೆ ಶಾಮಿಯಾನದ ಕೆಳಗೆ ಕೂತರೂ ಬೆನ್ನು ಒದ್ದೆ. ಶಾಲೆಯ ಛದ್ಮವೇಷ ಸ್ಪರ್ಧೆ ಇಂಥ ವಾರದಲ್ಲಿ ಬಿದ್ದರೆ ಮನೆಯವರು ಮೊದಲು ಓಡುವುದು ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗೆ. ಆ ಸೇವೆ ಕೊಟ್ಟ ದುಡ್ಡಿಗೆ ತಕ್ಕುದೇ, ಅದರಲ್ಲಿ ಯಾವುದು ಮಗುವಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎನ್ನುವುದನ್ನು ಇಲ್ಲಿ ಬಿಡಿಬಿಡಿಯಾಗಿ ನೋಡೋಣ. ಒಂದೇ ಅಂಗಡಿಯ ವಿಮರ್ಶೆ ಇದಲ್ಲ, ಊರಿನ ಬಾಡಿಗೆ ವೇಷದ ಒಟ್ಟು ವಿಮರ್ಶೆ. ಹೆಸರು ಬೇರೆಯಾದರೂ ಸರಕು ಹೆಚ್ಚುಕಡಿಮೆ ಒಂದೇ.

ಮೊದಲೇ ತೀರ್ಪು ಹೇಳಿಬಿಡುವುದು ಒಳ್ಳೆಯದು. ಕಿರೀಟ, ಗದೆ, ಖಡ್ಗ, ಆಭರಣ: ಧೈರ್ಯವಾಗಿ ಬಾಡಿಗೆಗೆ ತನ್ನಿ. ಬಟ್ಟೆ: ಆದಷ್ಟು ಮನೆಯದೇ ಇರಲಿ. ಬಣ್ಣದ ಡಬ್ಬಿ: ಬೇಡವೇ ಬೇಡ.

ಕಾರಣವಿದೆ. ಇದು ನಾಟಕದ ಸೀಮೆ. ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಇವತ್ತಿಗೂ ಜಾತ್ರೆ, ಹಬ್ಬ ಬಂತೆಂದರೆ ಹಳ್ಳಿಹಳ್ಳಿಯಲ್ಲಿ ಪೌರಾಣಿಕ ನಾಟಕ. ಸೀನರಿಯಿಂದ ಹಿಡಿದು ಕಿರೀಟದವರೆಗೆ ಒದಗಿಸುವ ಅಂಗಡಿಗಳು ಬದುಕಿರುವುದು ಆ ನಾಟಕಗಳಿಂದ. ಅವರ ಸರಕು ತಯಾರಾಗಿರುವುದು ರಾತ್ರಿ ಹತ್ತರ ಮೇಲೆ, ತಂಪು ಗಾಳಿಯಲ್ಲಿ, ದೂರದಿಂದ ನೋಡುವ ಜನಕ್ಕಾಗಿ, ದೊಡ್ಡವರ ಮೈಗೆ. ಶಾಲೆಯ ಸ್ಪರ್ಧೆ ನಡೆಯುವುದು ಹಗಲು, ಬಿಸಿಲಲ್ಲಿ, ಹತ್ತು ಅಡಿ ದೂರದಲ್ಲಿ ಕೂತ ತೀರ್ಪುಗಾರರ ಮುಂದೆ, ಪುಟ್ಟ ಮಗುವಿನ ಮೈಮೇಲೆ. ಮಕ್ಕಳ ಸೈಜಿನ ಸೆಟ್ಟುಗಳನ್ನೂ ಅದೇ ಬಟ್ಟೆ, ಅದೇ ಜರಿಯಲ್ಲಿ ಹೊಲಿಸಿರುತ್ತಾರೆ. ಬರುವ ತೊಂದರೆಗಳ ಬೇರು ಇಲ್ಲಿದೆ.

ಇನ್ನೊಂದು ಬಗೆಯ ಅಂಗಡಿ ಭರತನಾಟ್ಯ ಮತ್ತು ಶಾಲಾ ವಾರ್ಷಿಕೋತ್ಸವಕ್ಕೆ ಕೊಡುವವರದು. ಇಲ್ಲಿ ಅಳತೆ ಚೆನ್ನಾಗಿ ಕೂರುತ್ತದೆ, ಆದರೆ ಕಿರೀಟ, ಆಯುಧ ಸಪ್ಪೆ. ಮೂರನೆಯದು ಫ್ಯಾನ್ಸಿ ಸ್ಟೋರುಗಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮಾರುವ ರೆಡಿ ಸೆಟ್ಟು. ತೆಳ್ಳಗಿನ ಪಾಲಿಯೆಸ್ಟರ್, ಹಿಂದೆ ವೆಲ್ಕ್ರೋ ಪಟ್ಟಿ. ಕೂತೆದ್ದರೆ ಕಚ್ಚೆಯ ಹೊಲಿಗೆ ಬಿಚ್ಚುತ್ತದೆ, ಕತ್ತಿನ ಅಂಚಿನ ಜರಿ ಚುಚ್ಚುತ್ತದೆ. ಬಾಡಿಗೆಯಷ್ಟೇ ದುಡ್ಡಿಗೆ ಸ್ವಂತಕ್ಕೆ ಸಿಗುತ್ತದೆ ಎಂದು ಆಸೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಬುಕ್ ಮಾಡುವ ವಿಚಾರಕ್ಕೆ ಬರೋಣ. ಸ್ಪರ್ಧೆ ಶನಿವಾರವಾದರೆ ಸೋಮವಾರವೇ ಹೋಗಿ. ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ವಾರಾಂತ್ಯದ ರಾತ್ರಿಗಳಿಗೆ ನಾಟಕದ ತಂಡಗಳು ಸೆಟ್ಟುಗಟ್ಟಲೆ ಒಯ್ಯುತ್ತವೆ. ಗುರುವಾರ ಹೋದವರಿಗೆ ಸಿಗುವುದು ಉಳಿಕೆ. ಮಗುವನ್ನು ಜೊತೆಗೆ ಕರೆದೊಯ್ಯಲು ಆಗದಿದ್ದರೆ ನಾಲ್ಕು ಅಳತೆ ಬರೆದುಕೊಂಡು ಹೋಗಿ: ತಲೆಯ ಸುತ್ತಳತೆ, ಎದೆಯ ಸುತ್ತಳತೆ, ಭುಜದಿಂದ ಹಿಮ್ಮಡಿಯವರೆಗಿನ ಉದ್ದ, ಸೊಂಟದಿಂದ ಹಿಮ್ಮಡಿಯವರೆಗಿನ ಉದ್ದ. ‘ಒಂದನೇ ಕ್ಲಾಸು’ ಅಂದರೆ ಅಂಗಡಿಯವರು ಅಂದಾಜಿಗೆ ತೆಗೆದುಕೊಡುತ್ತಾರೆ, ಒಂದನೇ ಕ್ಲಾಸಿನ ಇಬ್ಬರು ಮಕ್ಕಳ ನಡುವೆ ಅರ್ಧ ಅಡಿ ವ್ಯತ್ಯಾಸ ಇರುತ್ತದೆ. ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಇಷ್ಟು: ‘ಅಣ್ಣಾ, ಒಂದು ದಿನದ ಬಾಡಿಗೆ ಅಂದ್ರೆ ಇಪ್ಪತ್ನಾಲ್ಕು ಗಂಟೆನಾ, ನಾಳೆ ಅಂಗಡಿ ತೆಗೆಯೋವರೆಗಾ? ಶುಕ್ರವಾರ ಸಂಜೆ ಒಯ್ದು ಶನಿವಾರ ಮಧ್ಯಾಹ್ನ ತಂದುಕೊಟ್ಟರೆ ಒಂದು ದಿನವೋ ಎರಡೋ? ಮಣಿ ಉದುರಿದರೆ ಅಡ್ವಾನ್ಸಲ್ಲಿ ಎಷ್ಟು ಹಿಡಿಯುತ್ತೀರಿ?’ ಮೂರಕ್ಕೂ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆಭರಣವನ್ನು ಎಣಿಸಿ ಕೌಂಟರಿನ ಮೇಲೆಯೇ ಹರಡಿ ಒಂದು ಫೋಟೊ ತೆಗೆಯಿರಿ. ಭುಜಕೀರ್ತಿ ಎರಡು, ತೋಳಬಂದಿ ಎರಡು, ಕೈಕಟ್ಟು ಎರಡು, ಎದೆಪದಕ ಒಂದು, ಡಾಬು ಒಂದು, ಓಲೆ ಎರಡು. ಮೊದಲೇ ಕಳಚಿದ ಕಲ್ಲು ಎಲ್ಲಿದೆ ಅನ್ನುವುದು ಆ ಫೋಟೊದಲ್ಲಿ ಕಾಣಬೇಕು. ವಾಪಸು ಕೊಡುವಾಗ ಜಗಳ ಬರುವುದು ಸಾಮಾನ್ಯವಾಗಿ ಇದೊಂದೇ ವಿಷಯಕ್ಕೆ.

ಈ ಸೇವೆಯಲ್ಲಿ ನಿಜಕ್ಕೂ ಮೆಚ್ಚಬೇಕಾದ್ದು ಕಿರೀಟದ ಕೆಲಸ. ರಟ್ಟಿನ ಮೇಲೆ ಚಿನ್ನದ ಬಣ್ಣದ ಹಾಳೆ, ಕನ್ನಡಿ ಚೂರು, ಅಂಚಿಗೆ ಮಣಿಸಾಲು. ನಾಟಕಕ್ಕೆ ದುಡಿದ ಕೈಗಳು ಕಟ್ಟಿದ ಕಿರೀಟಕ್ಕೂ ಫ್ಯಾನ್ಸಿ ಸ್ಟೋರಿನ ಪ್ಲಾಸ್ಟಿಕ್ಕಿಗೂ ಅಜಗಜಾಂತರ. ಆದರೆ ಹೊರಗಿನ ಹೊಳಪು ನೋಡಿ ಕಟ್ಟಿಸಿಕೊಂಡು ಬರಬೇಡಿ. ತಿರುಗಿಸಿ ಒಳಗೆ ನೋಡಿ. ಮಣಿ, ಬಿಲ್ಲೆಗಳನ್ನು ಹಿಡಿದ ತಂತಿಯ ತುದಿಗಳನ್ನು ಒಳಮೈಗೆ ಮಡಚಿ, ಮೇಲೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿರುತ್ತಾರೆ. ಹತ್ತಾರು ತಲೆ ಕಂಡ ಮೇಲೆ ಬೆವರಿಗೆ ಅಂಟು ಬಿಟ್ಟು, ಆ ತುದಿ ಎದ್ದು ನಿಲ್ಲುತ್ತದೆ. ತೋರುಬೆರಳಿನಿಂದ ಒಳಸುತ್ತನ್ನು ಒಮ್ಮೆ ನಿಧಾನ ಸವರಿದರೆ ಗೊತ್ತಾಗುತ್ತದೆ. ಒಂದೆರಡು ತುದಿ ಎದ್ದಿದ್ದರೆ ಬಟ್ಟೆಯ ಟೇಪು ಅಂಟಿಸಿ ಸರಿಮಾಡಬಹುದು. ಇಡೀ ಪಟ್ಟಿಯೇ ಕಿತ್ತಿದ್ದರೆ ಬೇರೆ ಕೇಳಿ.

ಅಳತೆ ಇನ್ನೊಂದು ಕಥೆ. ಆರೇಳು ವರ್ಷದ ಮಗುವಿನ ತಲೆಯ ಸುತ್ತಳತೆ 20 ಇಂಚಿನ ಆಸುಪಾಸು, ದೊಡ್ಡವರದು 22ರ ಆಸುಪಾಸು. ಸುತ್ತಳತೆಯಲ್ಲಿ ಎರಡು ಇಂಚು ಅಂದರೆ ತಲೆಯ ಸುತ್ತಲೂ ಕಾಲು ಇಂಚಿಗಿಂತ ತುಸು ಹೆಚ್ಚು ಸಂದು. ನೋಡಲು ಅಲ್ಪ ಅನಿಸುತ್ತದೆ, ಮಗು ಬಗ್ಗಿ ನಮಸ್ಕಾರ ಮಾಡಿದ ಕೂಡಲೇ ಕಿರೀಟ ಹುಬ್ಬಿನ ಮೇಲಿರುತ್ತದೆ. ಹಳೆಯ ಹತ್ತಿ ಪಂಚೆಯನ್ನು ಎರಡು ಇಂಚು ಅಗಲಕ್ಕೆ ಹರಿದು, ಸಂದು ತುಂಬುವಷ್ಟು ಮಡಿಕೆ ಹಾಕಿ ಹಣೆಯ ಮೇಲ್ಭಾಗಕ್ಕೆ ಕಟ್ಟಿ, ಅದರ ಮೇಲೆ ಕಿರೀಟ ಕೂರಿಸಿ. ಅಂಗಡಿಯವರು ಕೊಡುವ ಸ್ಪಂಜು ಬೇಡ. ಅದು ಬೆವರನ್ನು ಹೀರಿಕೊಂಡು, ಒತ್ತಿದಾಗ ಕಣ್ಣಿಗೇ ಇಳಿಸುತ್ತದೆ. ಹತ್ತಿ ಪಟ್ಟಿ ಬೆವರು ಹಿಡಿಯುತ್ತದೆ, ಕಿರೀಟ ಜಾರಲೂ ಬಿಡುವುದಿಲ್ಲ. ಲಾಡಿಯನ್ನು ಗದ್ದದ ಕೆಳಗೆ ಬಿಗಿದರೆ ಮಾತಾಡುವಾಗ ದವಡೆ ಹಿಡಿಯುತ್ತದೆ. ಕಿವಿಯ ಹಿಂದಿನಿಂದ ತಂದು ತಲೆಯ ಹಿಂಬದಿಗೆ ಕಟ್ಟಿ. ಕಿರೀಟದ ಪಕ್ಕದ ಕರ್ಣಪತ್ರ ಕಿವಿ ಮುಚ್ಚಿದರೆ ಮಗುವಿಗೆ ತನ್ನ ಹೆಸರು ಕೂಗಿದ್ದೂ ಕೇಳುವುದಿಲ್ಲ, ಇದನ್ನೂ ಮನೆಯಲ್ಲೇ ಕೂಗಿ ನೋಡಿ. ತೂಕದ ಬಗ್ಗೆ ನಮ್ಮ ಅಳತೆಗೋಲು ಹೀಗಿದೆ: ಅಡುಗೆಮನೆಯ ತಕ್ಕಡಿಯಲ್ಲಿ 300 ಗ್ರಾಂ ದಾಟಿದರೆ ಏಳು ವರ್ಷದೊಳಗಿನ ಮಗುವಿಗೆ ಬೇಡ.

ಬಟ್ಟೆಯ ವಿಷಯದಲ್ಲಿ ಮಾತ್ರ ಈ ಸೇವೆಗೆ ಒಳ್ಳೆಯ ಅಂಕ ಕೊಡಲು ಆಗುವುದಿಲ್ಲ. ರಾಜವೇಷದ ಅಂಗಿ ವೆಲ್ವೆಟ್ಟು, ಒಳಗೆ ನೈಲಾನ್ ಲೈನಿಂಗು, ಮೇಲೆ ಜರಿ ಪಟ್ಟಿ. ಮೂರು ಪದರದಲ್ಲಿ ಒಂದೂ ಬೆವರು ಹೀರುವುದಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆಯ ಗಾಳಿ ಒಣಗಾಳಿ. ಹತ್ತಿ ಬಟ್ಟೆಯಾದರೆ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ನೈಲಾನಿನೊಳಗೆ ಅದೇ ಬೆವರು ಮೈಮೇಲೇ ನಿಂತು ಕಾಯುತ್ತದೆ. ಜೊತೆಗೆ ಜರಿ ಮತ್ತು ಕಲ್ಲು ಕಟ್ಟಿದ ವೆಲ್ವೆಟ್ಟನ್ನು ಪ್ರತಿ ಬಾಡಿಗೆಯ ನಂತರ ಒಗೆಯಲು ಆಗುವುದಿಲ್ಲ, ಬಿಸಿಲಿಗೆ ಹರಡಿ ತೆಗೆದಿಡುತ್ತಾರೆ. ಸುಗ್ಗಿಯ ದಿನಗಳಲ್ಲಿ ಬಿಸಿಲಿಗೆ ಹರಡಲೂ ಬಿಡುವು ಇರುವುದಿಲ್ಲ. ಕಂಕುಳ ಭಾಗವನ್ನು ಮೂಸಿ ನೋಡಿ, ಕಾಲರಿನ ಒಳಮೈ ನೋಡಿ. ಜಿಡ್ಡು ಕಂಡರೆ ಮಗುವಿನ ಕತ್ತಿಗೆ, ಬೆನ್ನಿಗೆ ಬೆವರುಸಾಲೆ ಗ್ಯಾರಂಟಿ.

ತರಲೇಬೇಕಾದರೆ ಒಳಗೆ ಉದ್ದ ತೋಳಿನ ಹತ್ತಿ ಬನಿಯನ್ನು ಹಾಕಿಸಿ, ಶುಕ್ರವಾರ ಸಂಜೆ ತಂದ ಕೂಡಲೇ ಒಳಮೈ ಹೊರಗೆ ಮಾಡಿ ಗಾಳಿಗೆ ನೇತುಹಾಕಿ. ಇದಕ್ಕಿಂತ ಸುಲಭದ ದಾರಿ: ಮನೆಯ ಹತ್ತಿ ಕುರ್ತಾ ಅಥವಾ ಅಮ್ಮನ ಹತ್ತಿ ಸೀರೆಯ ಮೇಲೆ ಬಾಡಿಗೆಯ ಭುಜಕೀರ್ತಿ, ಎದೆಪದಕ, ಡಾಬು. ಕೆಂಪು, ಹಸಿರಿನ ಒಂದೇ ಬಣ್ಣದ ಬಟ್ಟೆಯ ಮೇಲೆ ಆಭರಣ ಇನ್ನೂ ಎದ್ದು ಕಾಣುತ್ತದೆ. ತೀರ್ಪುಗಾರರ ಕಣ್ಣು ಹೋಗುವುದು ಕಿರೀಟಕ್ಕೂ ಮುಖಕ್ಕೂ, ಅಂಗಿ ವೆಲ್ವೆಟ್ಟೋ ಅಲ್ಲವೋ ಎಂದು ಯಾರೂ ಮುಟ್ಟಿ ನೋಡುವುದಿಲ್ಲ. ಕಚ್ಚೆ ಪಂಚೆಯನ್ನು ಕಟ್ಟುವ ಬದಲು ಎಲಾಸ್ಟಿಕ್ ಹಾಕಿ ಹೊಲಿದದ್ದೇ ತನ್ನಿ. ಸರತಿಗೆ ಎರಡು ಗಂಟೆ ಕಾಯುವಾಗ ಮಗುವಿಗೆ ಬಾತ್‌ರೂಮಿಗೆ ಹೋಗಬೇಕು ಅನಿಸಿದರೆ ಕಟ್ಟಿದ ಕಚ್ಚೆಯನ್ನು ಬಿಚ್ಚಿ ಮತ್ತೆ ಕಟ್ಟುವವರು ಅಲ್ಲಿ ಯಾರೂ ಇರುವುದಿಲ್ಲ. ಪಿನ್ನು ಹಾಕುವುದಿದ್ದರೆ ಪಕ್ಕೆಗೆ ಬೇಡ, ಬೆನ್ನ ಕಡೆಗೆ, ಅಡ್ಡಡ್ಡ.

ಈ ಹವೆಗೆ ಯಾವ ಪಾತ್ರ ಹೊಂದುತ್ತದೆ ಎಂದು ಮೊದಲು ಯೋಚಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ತುಮಕೂರಿನಲ್ಲಿ ಮಕ್ಕಳು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ವೇಷ ಹಾಕಿ ನಿಂತರೆ ಸಭೆ ತಾನಾಗಿ ಸುಮ್ಮನಾಗುತ್ತದೆ. ಬೇಸಿಗೆಗೆ ಇದಕ್ಕಿಂತ ಹಿತವಾದ ವೇಷವೂ ಇಲ್ಲ. ಹತ್ತಿಯ ಕಾವಿ ಬಟ್ಟೆ ಮೂರರಿಂದ ನಾಲ್ಕು ಮೀಟರ್ ಸಾಕು. ಮೀಟರ್ ಲೆಕ್ಕದಲ್ಲಿ ಬಟ್ಟೆ ಅಂಗಡಿಯಲ್ಲಿ ತಂದು ಒಮ್ಮೆ ನೀರಿಗೆ ಹಾಕಿ ಗಂಜಿ ಬಿಡಿಸಿ. ಹೊಸ ಕಾವಿ ಬಣ್ಣ ಬಿಡುತ್ತದೆ, ಬೇರೆಯಾಗಿಯೇ ನೆನೆಸಿ. ರುದ್ರಾಕ್ಷಿ, ವಿಭೂತಿ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಗಾಜು ತೆಗೆದ ಕನ್ನಡಕದ ಫ್ರೇಮು, ಕೈಗೆ ಕೋಲು. ವಿಭೂತಿಯನ್ನು ಒಣಪುಡಿಯಾಗಿ ಬಳಿದರೆ ಕಣ್ಣಿಗೆ ಉದುರುತ್ತದೆ. ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಎಳೆದು ಆರಲು ಬಿಡಿ, ಮೊದಲು ತೇವವಾಗಿ ಮಂಕಾಗಿ ಕಂಡರೂ ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಮಾತಿಗೆ 1907ರಿಂದ 2019ರವರೆಗಿನ ಬದುಕು, ಅನ್ನ–ಅಕ್ಷರ–ಆಶ್ರಯದ ದಾಸೋಹ ಇದ್ದೇ ಇದೆ. ಎರಡು ನಿಮಿಷದೊಳಗೆ ಹೇಳಿಸಿ.

ಸಾಲುಮರದ ತಿಮ್ಮಕ್ಕನ ಪಾತ್ರವೂ ಹಾಗೆಯೇ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೆ 385 ಆಲದ ಸಸಿ ನೆಟ್ಟು ನೀರು ಹೊತ್ತು ಬೆಳೆಸಿದವರು, 2019ರಲ್ಲಿ ಪದ್ಮಶ್ರೀ ಪಡೆದವರು. ಹತ್ತಿ ಸೀರೆ, ಒಂದು ಬಿಂದಿಗೆ, ಒಂದು ಆಲದ ಗಿಡ. ಬಿಂದಿಗೆ ಪ್ಲಾಸ್ಟಿಕ್ಕಿನದು ಸಾಕು, ನೀರು ತುಂಬಬೇಡಿ. ಇಲ್ಲಿ ಎಲ್ಲರೂ ತಪ್ಪುವುದು ಕೂದಲಲ್ಲಿ. ಟಾಲ್ಕಂ ಪೌಡರ್ ಸುರಿದು ಬಿಳಿ ಮಾಡುತ್ತಾರೆ, ಅರ್ಧ ಗಂಟೆಗೆ ಬೆವರಿನಲ್ಲಿ ಕಲೆತು ಹಣೆಗೆ ಹಿಟ್ಟಿನಂತೆ ಇಳಿಯುತ್ತದೆ. ಬಿಳಿ ಪ್ಯಾನ್‌ಕೇಕನ್ನು (ನೀರಿನಲ್ಲಿ ಹಚ್ಚುವ ಮೇಕಪ್ ಬಣ್ಣ) ಹೆಚ್ಚುಕಡಿಮೆ ಒಣಗಿದ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಣೆಯ ಅಂಚಿನ ಮತ್ತು ಕಿವಿಯ ಪಕ್ಕದ ಕೂದಲಿಗಷ್ಟೇ ಎಳೆಯಿರಿ. ಹಿಂದಿನ ತಲೆಗೆ ಸೆರಗು ಇದೆಯಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಪಾತ್ರವಾದರೆ ಬಾಡಿಗೆಗೆ ಮೈಸೂರು ಪೇಟ ಮಾತ್ರ ತನ್ನಿ. ಕೋಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ವೇದಿಕೆಯ ಮೆಟ್ಟಿಲ ಬಳಿ ತೊಡಿಸಿದರೆ ಸಾಕು. ಕೃಷ್ಣನಿಗೆ ಮೈತುಂಬ ನೀಲಿ ಬಳಿಯುವ ಆಲೋಚನೆಯನ್ನು ಈ ತಿಂಗಳಲ್ಲಿ ಬಿಟ್ಟುಬಿಡಿ. ನವಿಲುಗರಿ, ಕೊಳಲು, ಹಳದಿ ಪಂಚೆ ನೋಡಿದ ಯಾರೂ ಕೃಷ್ಣನಲ್ಲ ಅನ್ನುವುದಿಲ್ಲ.

ಬಣ್ಣದ ಡಬ್ಬಿ ಬೇಡವೇ ಬೇಡ ಎಂದದ್ದಕ್ಕೆ ಗಟ್ಟಿ ಕಾರಣವಿದೆ. ಹಳೆಯ ರಂಗಭೂಮಿಯ ಬಣ್ಣಗಾರಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಹೆಸರು, ತಯಾರಿಸಿದ ದಿನಾಂಕ ಇಲ್ಲದ ಪುಡಿ ಯಾವ ಡಬ್ಬಿಯಲ್ಲಿ ಬಂದರೂ ಮಗುವಿನ ಮುಖಕ್ಕೆ ಮುಟ್ಟಿಸಬೇಡಿ. ಹತ್ತು ಜನರ ಮುಖಕ್ಕೆ ಒತ್ತಿದ ಸ್ಪಂಜೂ ಬೇಡ. ಮೇಕಪ್ ಮಾಡುವವರ ಕೈ ಮಾತ್ರ ಬಾಡಿಗೆಗೆ ಪಡೆಯುವುದು ಖಂಡಿತ ಲಾಭ. ಹುಬ್ಬು ತಿದ್ದುವುದರಲ್ಲಿ, ಕಣ್ಣಿನ ಗೆರೆ ಎಳೆಯುವುದರಲ್ಲಿ ನಾಟಕದವರ ಕೈಗೆ ಸಾಟಿಯಿಲ್ಲ. ನಿಮ್ಮ ಡಬ್ಬಿ, ನಿಮ್ಮ ಹೊಸ ಸ್ಪಂಜು, ಅವರ ಕೈ. ಇದನ್ನು ಮೊದಲೇ ಮಾತಾಡಿಕೊಳ್ಳಿ, ಯಾರೂ ಬೇಸರಪಡುವುದಿಲ್ಲ.

ಪ್ಯಾನ್‌ಕೇಕ್ ನೀರಿನಲ್ಲಿ ಹಚ್ಚುವಂಥದು, ಮೇಕಪ್ ಸ್ಟಿಕ್ ಎಣ್ಣೆ ಬೆರೆತದ್ದು. ಬಿಸಿಲಿಗೆ ಸ್ಟಿಕ್ ಕರಗಿ ಹೊಳೆಯುತ್ತದೆ, ಪ್ಯಾನ್‌ಕೇಕೇ ಸರಿ. ಗುರುವಾರ ಮೊಣಕೈಯ ಒಳಭಾಗಕ್ಕೆ ಒಂದು ರೂಪಾಯಿ ಅಗಲ ಹಚ್ಚಿ, ಶುಕ್ರವಾರದವರೆಗೆ ಕೆಂಪಾಗುತ್ತದೋ ತುರಿಸುತ್ತದೋ ನೋಡಿ. ಶನಿವಾರ ಬೆಳಗ್ಗೆ ಮುಖ ತೊಳೆದು ಒರೆಸಿ, ತೆಳ್ಳನೆ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಒಂದು ನಿಮಿಷ ಮುಖದ ಮೇಲೆ ಆಡಿಸಿ. ಒರೆಸಿ, ಮುಖಕ್ಕೆ ಹಚ್ಚುವ ಕ್ರೀಮು ಒಂದು ಬಟಾಣಿಯಷ್ಟು ಸವರಿ ಐದು ನಿಮಿಷ ಬಿಡಿ. ಸ್ಪಂಜನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೇ ತೆಳು ಪದರ ಒತ್ತಿ. ಉಜ್ಜಿದರೆ ಪಟ್ಟೆ ಬೀಳುತ್ತದೆ, ಒತ್ತಬೇಕು. ಕೆಲವರು ಬಣ್ಣ ಗಾಢವಾಗಲಿ ಎಂದು ಎರಡು, ಮೂರು ಪದರ ಹಚ್ಚುತ್ತಾರೆ. ಒಣಹವೆಗೆ ಅದು ಬಾಯಿಯ ಎರಡೂ ಬದಿಯಲ್ಲಿ, ಮಗು ನಕ್ಕಲ್ಲೆಲ್ಲ, ಕೆರೆಯ ಕೆಸರಿನಂತೆ ಬಿರಿಯುತ್ತದೆ. ತೆಗೆಯುವಾಗ ಸೋಪಿನಿಂದ ಶುರುಮಾಡಬೇಡಿ. ಕೊಬ್ಬರಿ ಎಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು ಹತ್ತಿಯಲ್ಲಿ ಒರೆಸಿ, ಆಮೇಲೆ ಕಡಲೆಹಿಟ್ಟು.

ಮೀಸೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಾಟಕದವರು ಮೀಸೆ ಅಂಟಿಸುವುದು ಸ್ಪಿರಿಟ್ ಗಮ್ಮಿನಲ್ಲಿ, ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳದಲ್ಲಿ. ಮಕ್ಕಳ ತೆಳು ಚರ್ಮಕ್ಕೆ ಉರಿ, ಕೀಳುವಾಗ ಅಳು. ಎರಡು ಬದಿ ಅಂಟುವ ಟೇಪೂ ಈ ಹವೆಯಲ್ಲಿ ನಿಲ್ಲುವುದಿಲ್ಲ. ಮುಖದಲ್ಲಿ ಮೊದಲು ಬೆವರಿನ ಹನಿ ಮೂಡುವ ಜಾಗಗಳಲ್ಲಿ ಮೇಲ್ದುಟಿ ಒಂದು. ಮೊದಲು ಒಂದು ತುದಿ ಏಳುತ್ತದೆ, ಮಗು ನಾಲಿಗೆಯಲ್ಲಿ ಮುಟ್ಟುತ್ತದೆ, ಮಾತಿನ ನಡುವೆ ಕೈ ಅಲ್ಲಿಗೇ ಹೋಗುತ್ತದೆ, ಸಂಭಾಷಣೆ ಮರೆತುಹೋಗುತ್ತದೆ. ಹುಬ್ಬಿನ ಪೆನ್ಸಿಲ್ಲಿನಿಂದ ಕೂದಲೆಳೆಯಂತೆ ಸಣ್ಣ ಗೆರೆಗಳನ್ನು ಎಳೆದು, ಮೇಲೆ ಚಿಟಿಕೆ ಪೌಡರ್ ಒತ್ತಿದರೆ ಮಧ್ಯಾಹ್ನದವರೆಗೆ ಇರುತ್ತದೆ. ಸಂಗೊಳ್ಳಿ ರಾಯಣ್ಣನಿಗೂ ಕೆಂಪೇಗೌಡರಿಗೂ ಇದೇ ಸಾಕು.

ಆಯುಧಗಳಲ್ಲಿ ಗದೆ ಚೆನ್ನಾಗಿರುತ್ತದೆ, ಒಳಗೆ ಟೊಳ್ಳು, ಹಗುರ. ತಗಡಿನ ಖಡ್ಗವಾದರೆ ಅಂಚಿಗೆ ಪಾರದರ್ಶಕ ಟೇಪು ಸುತ್ತಿ. ಓಬವ್ವನ ಒನಕೆಗೆ ಮಾತ್ರ ಬಾಡಿಗೆ ಕೊಡಬೇಡಿ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಬಂದ ರಟ್ಟಿನ ಕೊಳವೆ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಮೂರು ಅಡಿಗೆ ಕತ್ತರಿಸಿ, ಕಂದು ಕಾಗದ ಸುತ್ತಿ, ಒಂದು ತುದಿಗೆ ಬೂದು ಬಣ್ಣದ ಪಟ್ಟಿ ಕಬ್ಬಿಣದ ಕಟ್ಟಿನಂತೆ. ಆದರೆ ಒನಕೆಗೆ ಎರಡು ಕೈ ಬೇಕು, ಮೈಕಿಗೆ ಒಂದು ಕೈ. ಮೈಕ್ ಸ್ಟ್ಯಾಂಡ್ ಇದೆಯೇ ಎಂದು ಮಿಸ್ ಹತ್ತಿರ ಬುಧವಾರವೇ ಕೇಳಿಟ್ಟುಕೊಳ್ಳಿ. ಇಲ್ಲವೆಂದರೆ ಮಾತು ಮುಗಿಸಿ, ಮೈಕ್ ಕೊಟ್ಟು, ಆಮೇಲೆ ಒನಕೆ ಎತ್ತುವಂತೆ ಮನೆಯಲ್ಲಿ ಐದಾರು ಸಲ ಮಾಡಿಸಿ. ಕೈಕಟ್ಟಿನ ಮಣಿ ಮೈಕಿಗೆ ತಗುಲಿದರೆ ಸ್ಪೀಕರಿನಲ್ಲಿ ಕರಕರ ಸದ್ದು ಬರುತ್ತದೆ. ಮೈಕ್ ಹಿಡಿಯುವ ಕೈಯ ಕಟ್ಟನ್ನು ಎರಡು ಬೆರಳು ಮೇಲಕ್ಕೆ ಸರಿಸಿ ಕಟ್ಟಿ.

ಸ್ಪರ್ಧೆಯ ದಿನ ಬಟ್ಟೆ ತೊಡಿಸಿಯೇ ಕರೆದೊಯ್ಯಿರಿ, ಕಿರೀಟ, ಆಭರಣಗಳನ್ನು ಚೀಲದಲ್ಲಿ ಇಡಿ. ನಾಲ್ಕು ಮಕ್ಕಳು ಮುಂದಿರುವಾಗ ತೊಡಿಸಲು ಶುರುಮಾಡಿದರೆ ಸಮಯ ಸಾಕಾಗುತ್ತದೆ. ಬೆಳಗಿನ ತಿಂಡಿ ಇಡ್ಲಿಯಂಥ ಹಗುರದ್ದಿರಲಿ. ವೇಷ ಕೆಡುತ್ತದೆ ಎಂದು ನೀರು ಕೊಡದೆ ಕೂರಿಸುವುದು ದೊಡ್ಡ ತಪ್ಪು, ತಲೆಸುತ್ತು ಬರುವುದು ಅದಕ್ಕೇ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಸ್ಟ್ರಾದಲ್ಲಿ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸಿ, ತುಟಿಯ ಬಣ್ಣವೂ ಉಳಿಯುತ್ತದೆ. ಬರಿಗಾಲಿನ ಪಾತ್ರವಾದರೂ ಮೆಟ್ಟಿಲವರೆಗೆ ಚಪ್ಪಲಿ ಇರಲಿ, ಹನ್ನೊಂದರ ಹೊತ್ತಿಗೆ ಅಂಗಳದ ಸಿಮೆಂಟು ಕಾದಿರುತ್ತದೆ. ಮಗುವಿನ ಮುಖ ಕೆಂಪೇರಿ, ಮಾತು ಕಡಿಮೆಯಾಗಿ, ವಾಕರಿಕೆ ಅಂದರೆ ಸರತಿಯ ಯೋಚನೆ ಬಿಟ್ಟು ಕಿರೀಟ, ಅಂಗಿ ತೆಗೆದು, ನೆರಳಿಗೆ ಕೂರಿಸಿ ಕತ್ತಿಗೆ ಒದ್ದೆ ಬಟ್ಟೆ ಹಾಕಿ. ಸುಧಾರಿಸಿದ ಮೇಲೆ ಕೊನೆಯಲ್ಲಿ ಅವಕಾಶ ಕೊಡಿ ಎಂದರೆ ಟೀಚರುಗಳು ಕೊಟ್ಟೇ ಕೊಡುತ್ತಾರೆ.

ಮುಗಿದ ಮೇಲೆ ಒದ್ದೆ ಬಟ್ಟೆಯನ್ನು ಕವರಿಗೆ ತುರುಕಿ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಜರಿ ಕಪ್ಪಾದರೆ ಅಡ್ವಾನ್ಸಿನಲ್ಲಿ ಹಿಡಿಯುವುದು ನ್ಯಾಯವೇ. ಅರ್ಧ ಗಂಟೆ ಫ್ಯಾನಿನ ಕೆಳಗೆ ಹರಡಿ, ಕಿರೀಟದ ಒಳಸುತ್ತನ್ನು ಒಣಬಟ್ಟೆಯಲ್ಲಿ ಒರೆಸಿ, ಫೋಟೊ ನೋಡಿ ಆಭರಣ ಎಣಿಸಿ, ಅಂಗಡಿಗೆ ಶನಿವಾರ ಸಂಜೆ ಐದರೊಳಗೆ ತಲುಪಿಸಿ. ಆ ರಾತ್ರಿಯ ನಾಟಕಕ್ಕೆ ಸಾಮಾನು ಹೊರಡುವ ಹೊತ್ತು ಅದು, ಅದೇ ಗದೆಗೆ ಯಾವುದೋ ಊರಿನ ಭೀಮ ಕಾದಿರುತ್ತಾನೆ.